ವಯೋಮಿಂಗ್‌ನ ಫ್ರೀಡಂ ಕಾಕಸ್: ಶಿಸ್ತಿನ ಬಲ ಮತ್ತು ಆಡಳಿತದ ಹೊಣೆ

ಅಮೆರಿಕದ ಶಾಸನಸಭೆಗಳಲ್ಲಿ ಕಾಕಸ್ ಎಂದರೆ ಒಂದೇ ಪಕ್ಷದ ಅಥವಾ ಒಂದೇ ನಿಲುವಿನ ಸದಸ್ಯರು ಪ್ರತ್ಯೇಕವಾಗಿ ಸಭೆ ಸೇರಿ, ಯಾವ ಮಸೂದೆಯನ್ನು ಬೆಂಬಲಿಸಬೇಕು, ಯಾವುದನ್ನು ತಡೆಯಬೇಕು ಎಂದು ಮೊದಲೇ ನಿಶ್ಚಯಿಸಿಕೊಳ್ಳುವ ಕೂಟ. ವಿಪ್ ಮೀರಿದ ಶಾಸಕನ ಸ್ಥಾನವೇ ಹೋಗಬಹುದಾದ ಪಕ್ಷಾಂತರ ನಿಷೇಧ ಕಾನೂನು ಭಾರತದಲ್ಲಿ 1985ರಿಂದ ಇದೆ. ಅಮೆರಿಕದಲ್ಲಿ ಅಂಥ ಕಾನೂನಿಲ್ಲದಿರುವುದರಿಂದ ಪಕ್ಷದ ಹೆಸರಿಗಿಂತ ಪಕ್ಷದೊಳಗಿನ ಬಣದ ಒಗ್ಗಟ್ಟೇ ಅನೇಕ ಸಲ ಸದನದ ಗತಿಯನ್ನು ನಿರ್ಧರಿಸುತ್ತದೆ. ರಿಪಬ್ಲಿಕನ್ ಪಕ್ಷದ ಸಂಪ್ರದಾಯವಾದಿ ಬಣವಾದ ಫ್ರೀಡಂ ಕಾಕಸ್ ರಾಜ್ಯವೊಂದರ ಸದನವನ್ನು ಮೊದಲ ಬಾರಿಗೆ ತನ್ನ ಹಿಡಿತಕ್ಕೆ ತಂದುಕೊಂಡದ್ದು ವಯೋಮಿಂಗ್‌ನಲ್ಲಿ, 2025ರ ಜನವರಿಯಲ್ಲಿ. ಅಲ್ಪಸಂಖ್ಯಾತ ಬಣವಾಗಿ ಅದು ಬೆಳೆಸಿಕೊಂಡ ಕೌಶಲ ಆಡಳಿತದ ಹೊಣೆಗೂ ಸಾಕಾಯಿತೇ ಎಂಬುದನ್ನು ಪರಿಶೀಲಿಸಲು ಆ ರಾಜ್ಯಕ್ಕಿಂತ ತಕ್ಕ ನಿದರ್ಶನವಿಲ್ಲ.

ಈ ಮಾದರಿಯ ಮೂಲ ವಾಷಿಂಗ್ಟನ್‌ನಲ್ಲಿದೆ. 2015ರಲ್ಲಿ ಅಮೆರಿಕದ ಪ್ರತಿನಿಧಿಸಭೆಯಲ್ಲಿ ಹುಟ್ಟಿದ ಹೌಸ್ ಫ್ರೀಡಂ ಕಾಕಸ್, ಅದೇ ವರ್ಷ ತನ್ನದೇ ಪಕ್ಷದ ಸಭಾಧ್ಯಕ್ಷ ಜಾನ್ ಬೇನರ್ ಅಧಿಕಾರ ಬಿಡುವಂತಾದ ಒತ್ತಡದ ಮುಂಚೂಣಿಯಲ್ಲಿತ್ತು. ಅದರ ಅನುಭವವನ್ನು ರಾಜ್ಯಗಳಿಗೆ ಹರಡಲು 2021ರ ಡಿಸೆಂಬರ್‌ನಲ್ಲಿ ಸ್ಟೇಟ್ ಫ್ರೀಡಂ ಕಾಕಸ್ ನೆಟ್‌ವರ್ಕ್ ಎಂಬ ಸಂಸ್ಥೆ ಆರಂಭವಾಯಿತು. ಮಸೂದೆಗಳನ್ನು ಓದಿ, ಅವುಗಳ ಪರಿಣಾಮವನ್ನು ವಿವರಿಸಿ, ಸದಸ್ಯರಿಗೆ ಸಲಹೆ ಕೊಡುವ ವೇತನದ ನಿರ್ದೇಶಕನನ್ನು ಪ್ರತಿ ರಾಜ್ಯದ ಬಣಕ್ಕೂ ಒದಗಿಸುವುದು ಈ ಸಂಸ್ಥೆಯ ಮುಖ್ಯ ಕೆಲಸ.

ಈ ನೆರವಿನ ಬೆಲೆ ತಿಳಿಯಬೇಕಾದರೆ ವಯೋಮಿಂಗ್ ಶಾಸನಸಭೆಯ ರಚನೆಯನ್ನು ನೋಡಬೇಕು. 2020ರ ಜನಗಣತಿಯಲ್ಲಿ ಆರು ಲಕ್ಷಕ್ಕೂ ಕಡಿಮೆ ಜನರಿದ್ದ ಆ ರಾಜ್ಯದ ಶಾಸಕರು ವರ್ಷದ ಬಹುಭಾಗ ದನಸಾಕಣೆ, ವಕೀಲಿಕೆ, ವ್ಯಾಪಾರಗಳಲ್ಲಿ ತೊಡಗಿದ್ದು, ಬೆಸ ಸಂಖ್ಯೆಯ ವರ್ಷಗಳಲ್ಲಿ ಸುಮಾರು 40 ದಿನ, ಬಜೆಟ್ ಮಂಡಿಸುವ ಸಮ ವರ್ಷಗಳಲ್ಲಿ ಸುಮಾರು 20 ದಿನ ಮಾತ್ರ ಅಧಿವೇಶನ ನಡೆಸುತ್ತಾರೆ. ಅವರಿಗೆ ಸ್ವಂತ ಕಚೇರಿಯಾಗಲಿ ಆಪ್ತ ಸಿಬ್ಬಂದಿಯಾಗಲಿ ಇಲ್ಲ. ಕೆಲವೇ ವಾರಗಳಲ್ಲಿ ನೂರಾರು ಮಸೂದೆಗಳು ಮೇಜಿಗೆ ಬರುವ ಇಂಥ ಸದನದಲ್ಲಿ ಸದಸ್ಯನು ಸಮಿತಿಯ ಹಿರಿಯರ ಮಾತನ್ನು, ಪರಿಚಿತರ ಅಭಿಪ್ರಾಯವನ್ನು ನಂಬಿ ಮತ ಹಾಕುವುದು ವಾಡಿಕೆಯಾಗಿತ್ತು. ಆ ವಾಡಿಕೆಯಲ್ಲಿ ಸೌಹಾರ್ದವಿತ್ತು ಎಂಬುದು ನಿಜ. ಹಿರಿತನಕ್ಕೆ ತಲೆಬಾಗುವ ಅಭ್ಯಾಸ ಹಾಗೂ ಯಾರು ಯಾವುದಕ್ಕೆ ಒಪ್ಪಿದರೆಂಬುದು ಮತದಾರನಿಗೆ ತಿಳಿಯದ ಮಬ್ಬು ಕೂಡ ಅದರಲ್ಲೇ ಇದ್ದವು. ಕಲ್ಲಿದ್ದಲ ನಾಡಾದ ಜಿಲೆಟ್‌ನ ಜಾನ್ ಬೇರ್ ಮುಂದಾಳತ್ವದಲ್ಲಿ ಫ್ರೀಡಂ ಕಾಕಸ್ ಮಸೂದೆಗಳನ್ನು ಸಾಲು ಸಾಲಾಗಿ ಓದಿಸಿ, ಪ್ರತಿಯೊಬ್ಬರ ಮತವನ್ನು ದಾಖಲೆಯಾಗಿಟ್ಟು ಜನರ ಮುಂದಿಟ್ಟದ್ದು ಆ ಮಬ್ಬಿಗೆ ಸಿಕ್ಕ ಸರಿಯಾದ ಉತ್ತರ. ಅದರ ಧ್ಯೇಯಗಳನ್ನು ಒಪ್ಪದವರೂ ಈ ಶ್ರಮವನ್ನು ಕಡೆಗಣಿಸಲಾಗದು, ಏಕೆಂದರೆ ಶಾಸಕನಿಗೆ ಓದಲು ನೆರವು ಕೊಡಬೇಕಾದ್ದು ಮೂಲತಃ ರಾಜ್ಯದ ಕೆಲಸ, ರಾಜ್ಯ ಅದನ್ನು ಮಾಡದೆ ಬಿಟ್ಟ ಜಾಗದಲ್ಲಿಯೇ ಈ ಬಣ ಬೆಳೆಯಿತು.

ಶಿಸ್ತಿನ ಬಲ ಪೂರ್ಣವಾಗಿ ಕಂಡದ್ದು 2024ರ ಬಜೆಟ್ ಅಧಿವೇಶನದಲ್ಲಿ. ಬಜೆಟ್‌ಗೆ ಸೇರದ ಯಾವುದೇ ಮಸೂದೆ ಆ ಅಧಿವೇಶನದಲ್ಲಿ ಚರ್ಚೆಗೆ ಬರಬೇಕಾದರೂ ಮೂರರಲ್ಲಿ ಎರಡು ಪಾಲು ಸದಸ್ಯರ ಒಪ್ಪಿಗೆ ಬೇಕೆಂಬ ನಿಯಮವಿರುವುದರಿಂದ, 62 ಸದಸ್ಯರ ಕೆಳಮನೆಯಲ್ಲಿ 21 ಮಂದಿ ಒಟ್ಟಾಗಿ ನಿಂತರೆ ಮಸೂದೆ ಬಾಗಿಲಲ್ಲೇ ಬೀಳುತ್ತದೆ. ಅದಕ್ಕಿಂತ ಹೆಚ್ಚು ಬಲವಿದ್ದ ಕಾಕಸ್, ಸಮಿತಿಗಳು ತಿಂಗಳುಗಟ್ಟಲೆ ಅಹವಾಲು ಕೇಳಿ ಸಿದ್ಧಪಡಿಸಿದ್ದ ಮಸೂದೆಗಳನ್ನೂ ಚರ್ಚೆಯಿಲ್ಲದೆ ಉರುಳಿಸಿತು. ಇದಕ್ಕೆ ಹಿನ್ನೆಲೆಯೂ ಇದೆ. ಹಿಂದಿನ ವರ್ಷ ಸಭಾಧ್ಯಕ್ಷ ಆಲ್ಬರ್ಟ್ ಸಾಮರ್ಸ್ ಶಾಲಾಶಿಕ್ಷಣಕ್ಕೆ ಸಂಬಂಧಿಸಿದ, ಕಾಕಸ್‌ಗೆ ಪ್ರಿಯವಾಗಿದ್ದ ಮಸೂದೆಗಳನ್ನು ಸಮಿತಿಗೆ ಕಳಿಸದೆ ತಮ್ಮಲ್ಲೇ ಉಳಿಸಿಕೊಂಡಿದ್ದರು. ಶಾಲೆಯ ವಿಷಯ ಸ್ಥಳೀಯರಿಗೆ ಸೇರಿದ್ದು ಎಂಬುದು ಅವರ ವಾದಗಳಲ್ಲೊಂದಾಗಿತ್ತು. ಬಹುಮತದ ಪರೀಕ್ಷೆಗೆ ಒಡ್ಡದೆ ಮಸೂದೆಯನ್ನು ಅದುಮಿಡುವುದು ಸಭಾಧ್ಯಕ್ಷರು ಮಾಡಿದರೂ ತಪ್ಪೇ, ಬಣವೊಂದು ಮಾಡಿದರೂ ತಪ್ಪೇ.

2024ರ ಆಗಸ್ಟ್‌ನಲ್ಲಿ ಪ್ರೈಮರಿ, ಎಂದರೆ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಆರಿಸುವ ಮೊದಲ ಸುತ್ತಿನ ಚುನಾವಣೆ, ನಡೆಯಿತು. ಡೆಮಾಕ್ರಟಿಕ್ ಪಕ್ಷಕ್ಕೆ ಬಲವೇ ಇಲ್ಲದ ರಾಜ್ಯದಲ್ಲಿ ನಿಜವಾದ ಆಯ್ಕೆ ಆಗುವುದು ಈ ಸುತ್ತಿನಲ್ಲೇ. ಅಭ್ಯರ್ಥಿಗಳ ನೋಂದಣಿ ಶುರುವಾದ ಮೇಲೆ ಮತದಾರ ಪಕ್ಷ ಬದಲಿಸುವಂತಿಲ್ಲ ಎಂಬ 2023ರ ಕಾನೂನು ಇತರ ಪಕ್ಷದವರು ಒಳಬಂದು ಮತ ಹಾಕುವುದನ್ನು ತಡೆದಿತ್ತು. ರಾಜ್ಯದ ಮೇಲ್ಮನೆಯಾದ ಸೆನೆಟ್‌ಗೆ ಸ್ಪರ್ಧಿಸಿದ ಸಾಮರ್ಸ್ ಸೋತರು, ಕೆಳಮನೆಯಲ್ಲಿ ಕಾಕಸ್‌ನ ಬಹುಮತಕ್ಕೆ ದಾರಿಯಾಯಿತು. ಆದರೆ ಈ ಪ್ರಚಾರದಲ್ಲಿ ಕಾಕಸ್‌ನ ರಾಜಕೀಯ ನಿಧಿಯು ಮನೆಮನೆಗೆ ಕಳಿಸಿದ ಪತ್ರಗಳಲ್ಲಿ ಕೆಲವು, ಎದುರಾಳಿ ಶಾಸಕರು ಡೊನಾಲ್ಡ್ ಟ್ರಂಪ್ ಅವರ ಹೆಸರನ್ನು ಮತಪತ್ರದಿಂದ ತೆಗೆಯಲು ಮತ ಹಾಕಿದರೆಂದು ಸಾರಿದವು. ಶಾಸನಸಭೆಯ ಮುಂದೆ ಅಂಥ ಪ್ರಶ್ನೆಯೇ ಬಂದಿರಲಿಲ್ಲ. ಬಂದದ್ದು ಬಜೆಟ್‌ಗೆ ಸೇರಿಸಬೇಕಾದ ಷರತ್ತೊಂದರ ವಿಷಯ. ಇಬ್ಬರು ಶಾಸಕರು ಮಾನನಷ್ಟ ಮೊಕದ್ದಮೆ ಹೂಡಿದರು. ಮತದ ದಾಖಲೆಯನ್ನು ಜನರಿಗೆ ಒಪ್ಪಿಸುವುದೇ ತನ್ನ ಹೆಮ್ಮೆ ಎಂದು ಹೇಳಿಕೊಂಡ ಬಣ, ಆ ದಾಖಲೆಯನ್ನು ತಿರುಚಿದಾಗ ತನ್ನ ಅತ್ಯುತ್ತಮ ಕೊಡುಗೆಯನ್ನೇ ಕೆಡಿಸಿತು.

2025ರ ಜನವರಿಯಲ್ಲಿ ಕಾಕಸ್‌ನ ಬೆಂಬಲದೊಂದಿಗೆ ಚಿಪ್ ನೈಮನ್ ಸಭಾಧ್ಯಕ್ಷರಾದರು. ಅಧಿವೇಶನದ ಮೊದಲ ಹತ್ತು ದಿನಗಳಲ್ಲಿ ಐದು ಮಸೂದೆಗಳನ್ನು ಕೆಳಮನೆಯಲ್ಲಿ ಅಂಗೀಕರಿಸುವುದಾಗಿ ಕಾಕಸ್ ವಾಗ್ದಾನ ಮಾಡಿತ್ತು, ನಡೆಸಿಯೂ ತೋರಿಸಿತು. ಮತದಾರನ ನೋಂದಣಿಗೆ ಪೌರತ್ವದ ಪುರಾವೆ ಕೇಳುವ ಮಸೂದೆ ರಾಜ್ಯಪಾಲ ಮಾರ್ಕ್ ಗಾರ್ಡನ್ ಅವರ ಸಹಿಯಿಲ್ಲದೆಯೇ ಕಾನೂನಾಯಿತು. ಕೊಟ್ಟ ಮಾತಿಗೆ ನಿಲ್ಲುವುದು ಗೌರವದ ಸಂಗತಿ. ಆದರೂ ಹತ್ತು ದಿನದ ಗಡುವಿನಲ್ಲಿ ದೂರದ ಊರಿನ ನಾಗರಿಕ ರಾಜಧಾನಿ ಶೈಯೆನ್‌ಗೆ ಬಂದು ಸಮಿತಿಯೆದುರು ಮಾತನಾಡಲು ಉಳಿದ ಅವಕಾಶ ಎಷ್ಟು ಎಂದು ಕೇಳಬೇಕಾಗುತ್ತದೆ. ಅವಸರದ ಶಾಸನವನ್ನು ಖಂಡಿಸುತ್ತ ಬಂದ ಬಣಕ್ಕೆ ಆ ಪ್ರಶ್ನೆ ಮೊದಲು ತಟ್ಟಬೇಕಿತ್ತು.

ಅತ್ಯಂತ ಗಂಭೀರ ತಕರಾರು ಆಸ್ತಿ ತೆರಿಗೆಗೆ ಸಂಬಂಧಿಸಿದ್ದು. ಮನೆಗಳ ಬೆಲೆ ಏರಿ ತೆರಿಗೆ ಭಾರವಾದದ್ದು ವಾಸ್ತವ. ನಿವೃತ್ತರು, ನಿಗದಿತ ವರಮಾನದವರು ಪರಿಹಾರ ಕೇಳಿದ್ದು ನ್ಯಾಯವೇ. 2024ರಲ್ಲಿ ಶೇ. 25ರ ಕಡಿತದ ಮಸೂದೆಯನ್ನು ತಿರಸ್ಕರಿಸಿದ್ದ ಗಾರ್ಡನ್, 2025ರಲ್ಲಿ ಅಷ್ಟೇ ಪ್ರಮಾಣದ ಕಡಿತಕ್ಕೆ ಸಹಿ ಹಾಕಿದರು. ವಯೋಮಿಂಗ್‌ನಲ್ಲಿ ವೈಯಕ್ತಿಕ ಆದಾಯ ತೆರಿಗೆ ಇಲ್ಲ. ರಾಜ್ಯದ ಖಜಾನೆ ಹೆಚ್ಚಾಗಿ ಕಲ್ಲಿದ್ದಲು, ತೈಲ ಮತ್ತು ಅನಿಲದ ಆದಾಯವನ್ನು ಆಧರಿಸಿದೆ. ಮನೆಯ ಮೇಲಿನ ತೆರಿಗೆ ಸೇರುವುದು ಶಾಲೆಗಳಿಗೆ, ನಮ್ಮ ಜಿಲ್ಲೆಗಳನ್ನು ಹೋಲುವ ಕೌಂಟಿಗಳಿಗೆ, ಆಸ್ಪತ್ರೆ, ಅಗ್ನಿಶಾಮಕ, ಗ್ರಂಥಾಲಯದಂಥ ಸ್ಥಳೀಯ ಸೇವೆಗಳಿಗೆ. ಹಾಗಾಗಿ ಕಡಿತದ ಕೀರ್ತಿ ಶೈಯೆನ್‌ಗೆ ಸಲ್ಲುತ್ತದೆ, ಕೊರತೆ ಕೌಂಟಿಗಳ ಪಾಲಿಗೆ ಬರುತ್ತದೆ. ನಷ್ಟದ ಒಂದು ಭಾಗವನ್ನು ರಾಜ್ಯವೇ ತುಂಬಿಕೊಡುವ ಪ್ರಸ್ತಾಪ ಸೆನೆಟ್‌ನಲ್ಲಿ ಬಂದಿದ್ದರೂ ಅಂತಿಮ ಕಾನೂನಿನಲ್ಲಿ ಅದು ಉಳಿಯಲಿಲ್ಲ. ಸರ್ಕಾರ ಚಿಕ್ಕದಾಗಿರಬೇಕು, ಅಧಿಕಾರ ಜನರಿಗೆ ಹತ್ತಿರವಿರಬೇಕು ಎಂಬುದು ಕಾಕಸ್ ತಾನೇ ಹಾಕಿಕೊಂಡ ಅಳತೆಗೋಲು. ಜನರಿಗೆ ಅತ್ಯಂತ ಹತ್ತಿರವಿರುವ ಆಡಳಿತದ ಆದಾಯವನ್ನು ಮೇಲಿನಿಂದ ಕತ್ತರಿಸಿದ ಈ ನಿರ್ಧಾರ ಆ ಅಳತೆಗೇ ಹೊಂದುವುದಿಲ್ಲ. ಅದೇ ಅಧಿವೇಶನದಲ್ಲಿ ಎರಡು ಸದನಗಳ ನಡುವೆ ಒಪ್ಪಂದ ಮೂಡದೆ ಪೂರಕ ಬಜೆಟ್ ಬಿದ್ದುಹೋಯಿತು. ಅದನ್ನು ಕೈಬಿಟ್ಟದ್ದು ಸೆನೆಟ್ ನಾಯಕತ್ವವಾದರೂ, ಮೇಲ್ಮನೆಯನ್ನು ಒಲಿಸಿಕೊಳ್ಳುವ ಹೊಣೆ ಕೆಳಮನೆಯ ಬಹುಮತಕ್ಕೂ ಇತ್ತು, ಮತ್ತು ತಡೆಯುವ ಮತಗಳನ್ನು ಎಣಿಸುವುದರಲ್ಲಿ ಪಳಗಿದ ಬಣ ಆ ಒಲಿಸುವ ಕೆಲಸಕ್ಕೆ ಬೇಕಾದ ಸಲುಗೆಯನ್ನು ಹಿಂದಿನ ವರ್ಷಗಳಲ್ಲಿ ಸಂಪಾದಿಸಿಕೊಂಡಿರಲಿಲ್ಲ.