ಕಾವ್ಯದ ಅಂಚೆಯೂ ಕೆರೆಯ ಹೆಬ್ಬಾತೂ

ಹಳಗನ್ನಡ ಪದ್ಯವನ್ನು ಪಾಠ ಹೇಳುವಾಗ ‘ಅಂಚೆ’ ಎಂಬ ಮಾತು ಬಂದರೆ ಮಕ್ಕಳಿಗೆ ಕಾಗದ ತರುವ ಅಂಚೆಯವನ ನೆನಪಾಗುತ್ತದೆ. ಅದು ‘ಹಂಸ’ದ ತದ್ಭವವೆಂದು ತಿಳಿಸಿದೊಡನೆ, ಕೊರಳು ಬಾಗಿಸಿದ ಅಚ್ಚ ಬಿಳಿಯ ಹಕ್ಕಿಯೊಂದನ್ನು ನಾವೇ ಹಲಗೆಯ ಮೇಲೆ ಬರೆದು ತೋರಿಸುತ್ತೇವೆ. ಆ ಚಿತ್ರ ಯುರೋಪಿನ ಕೊಳಗಳ ಹಕ್ಕಿಯದು, ನಮ್ಮ ಕೆರೆಗಳದಲ್ಲ.

ಭಾರತೀಯ ಸಾಹಿತ್ಯ ಶಿಲ್ಪಗಳ ಹಂಸವು ಹೆಬ್ಬಾತೇ ಎಂದು ಡಚ್ ವಿದ್ವಾಂಸ ಫೋಗೆಲ್ 1962ರ ತಮ್ಮ ಗ್ರಂಥದಲ್ಲಿ ವಾದಿಸಿದರು. ರಾಜಹಂಸಕ್ಕೆ ಬಿಳಿಯ ಮೈ, ಕೆಂಪು ಕೊಕ್ಕು, ಕೆಂಪು ಕಾಲು ಎಂದು ಅಮರಕೋಶ ಹೇಳುವುದರಿಂದ ಎಲ್ಲ ಪ್ರಯೋಗಗಳಿಗೂ ಒಂದೇ ಹಕ್ಕಿಯನ್ನು ಹೊಂದಿಸುವುದು ಕಷ್ಟ. ಆದರೂ ಹಿಮಾಲಯವನ್ನು ದಾಟುವ ಹಂಸಕ್ಕೆ ಪಟ್ಟೆತಲೆಯ ಹೆಬ್ಬಾತು ಬಹು ಹತ್ತಿರ. ಬೂದು ಮೈ, ಬಿಳಿಯ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಮಂಗೋಲಿಯ, ಟಿಬೆಟ್ಟುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಕೆರೆಗಳಿಗೆ ಇಳಿಯುತ್ತದೆ. ಅದು 7,000 ಮೀಟರಿಗೂ ಮೇಲೆ ಹಾರಿದುದು ದಾಖಲಾಗಿದೆ.

ಮೇಘದೂತದಲ್ಲಿ ರಾಜಹಂಸಗಳು ತಾವರೆಯ ದಂಟನ್ನೇ ಬುತ್ತಿ ಮಾಡಿಕೊಂಡು ಮೋಡದೊಡನೆ ಕೈಲಾಸದತ್ತ ಹೊರಡುತ್ತವೆ. ಕ್ರೌಂಚಪರ್ವತದ ಕಂಡಿ ಅವುಗಳ ಬಾಗಿಲು. ದಿಕ್ಕು ಸರಿ, ಕಾಲ ಸರಿಯಲ್ಲ. ಹೆಬ್ಬಾತು ಮಳೆಗಾಲದವರೆಗೆ ಕಾಯದೆ ಬೇಸಗೆ ಬಲಿಯುವ ಮೊದಲೇ ಹೊರಟುಬಿಡುತ್ತದೆ. ಇದನ್ನು ಕವಿಯ ತಪ್ಪೆಂದು ಎಣಿಸಬೇಕಾಗಿಲ್ಲ. ಕವಿಸಮಯವೆಂದು ಹೆಸರಿಟ್ಟು ಸುಮ್ಮನಾಗುವುದೂ ವಿಮರ್ಶೆಯಲ್ಲ. ವಿರಹಕ್ಕೆ ಮಳೆಗಾಲವೇ ಬೇಕು. ತಾನು ಹೋಗಲಾರದ ಉತ್ತರಕ್ಕೆ ಹಕ್ಕಿ ಹೋಗಬಲ್ಲುದು ಎಂಬುದೇ ಯಕ್ಷನ ನೋವು.

ನನ್ನ ಆಕ್ಷೇಪ ಬೇರೆ. ಕಾವ್ಯದ ಹಂಸಕ್ಕೆ ಹಾಲನ್ನೂ ನೀರನ್ನೂ ಬೇರ್ಪಡಿಸುವ ವಿವೇಕವುಂಟು. ದಮಯಂತಿಯ ಬಳಿಗೆ ದೂತನಾಗಿ ಹೋಗುವ ಜಾಣ್ಮೆಯುಂಟು. ತಾವರೆಯ ದಂಟಿನಾಚೆ ಹಸಿವು ಮಾತ್ರ ಇಲ್ಲ. ನಿಜವಾದ ಹೆಬ್ಬಾತು ಹಗಲು ಕೆರೆಯಲ್ಲಿ ತಂಗಿ, ಸಂಜೆಯಾಗುತ್ತಲೇ ಹೊಲಗದ್ದೆಗಳಿಗೆ ಮೇಯಲು ಹೋಗುತ್ತದೆ. ಹೆಬ್ಬಾತುಗಳಿಗೆ ಹೆಸರಾದ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಆ ಗೌರವದ ಹಿಂದೆ, ಪೈರಿನಲ್ಲಿ ಹಕ್ಕಿಗೂ ಪಾಲು ಬಿಟ್ಟ ರೈತನಿದ್ದಾನೆ. ನಾನು ಓದಿದ ಹಂಸವರ್ಣನೆಗಳಲ್ಲಿ ಅವನಿಗೆ ಒಂದು ಸಾಲಿನ ಸ್ಥಳವೂ ದೊರೆತಿಲ್ಲ.

ಗೂಡಲೂರು, ಮಸಿನಗುಡಿಗಳ ನಮ್ಮ ಮಕ್ಕಳಿಗೆ ಇದು ದೂರದ ಮಾತಲ್ಲ. ಬಂಡೀಪುರ, ಗುಂಡ್ಲುಪೇಟೆಗಳನ್ನು ದಾಟಿದರೆ ನಂಜನಗೂಡು. ಆ ತಾಲ್ಲೂಕಿನ ಹದಿನಾರು ಕೆರೆಗೆ ಚಳಿಗಾಲದಲ್ಲಿ ಹೆಬ್ಬಾತುಗಳು ಬರುತ್ತವೆ. ಇನ್ನೂ ಮುಂದೆ, ಸೋಮನಾಥಪುರದ 13ನೆಯ ಶತಮಾನದ ಗುಡಿಯ ಗೋಡೆಯಲ್ಲಿ ಹೊಯ್ಸಳ ಶಿಲ್ಪಿಗಳು ಕಡೆದ ಹಂಸಗಳ ಸಾಲಿದೆ. ಎರಡನ್ನೂ ತೋರಿಸಿ ತಂದ ಮೇಲೆ ಪದ್ಯವನ್ನು ಓದಿಸೋಣ. ಕವಿ ಎಲ್ಲಿ ಕಂಡು ಹೇಳಿದ, ಎಲ್ಲಿ ಕೇಳಿ ಹೇಳಿದ ಎಂಬುದನ್ನು ಆಗ ಮಕ್ಕಳೇ ನಮಗೆ ತಿಳಿಸಿಯಾರು.