ಕೆಂಪು ಬಣ್ಣದ ವರದಿ, ಉತ್ತರಿಸಲಾಗದ ಅಭ್ಯರ್ಥಿ

ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಸಂದರ್ಶನ ಗೆದ್ದವರಿಗೂ ನಿದ್ದೆಗೆಡಿಸುವುದು ಬಿಜಿವಿ, ಅಂದರೆ ಪೂರ್ವಾಪರ ಪರಿಶೀಲನೆ. ಅಂಕಪಟ್ಟಿ, ರಿಲೀವಿಂಗ್ ಲೆಟರ್, ಪೇ ಸ್ಲಿಪ್, ವಿಳಾಸ, ಕೋರ್ಟ್ ದಾಖಲೆ, ಪಿಎಫ್ ಖಾತೆಯಲ್ಲಿ ಕಾಣುವ ಹಳೆಯ ನೌಕರಿಗಳ ದಿನಾಂಕ ಎಲ್ಲವನ್ನೂ ಹೊರಗಿನ ಏಜೆನ್ಸಿಯೊಂದು ಜಾಲಾಡಿ, ಹಸಿರು, ಹಳದಿ, ಕೆಂಪು ಎಂದು ಗುರುತು ಹಾಕಿ ಕೊಡುತ್ತದೆ.

ಪರಿಶೀಲನೆ ಬೇಡವೆನ್ನಲಾಗದು. ದುಡ್ಡು ಕೊಟ್ಟರೆ ಅನುಭವ ಪತ್ರ ಹುಟ್ಟಿಸಿಕೊಡುವ ‘ಕನ್ಸಲ್ಟೆನ್ಸಿ’ಗಳು ಇರುವಾಗ, ಸುಳ್ಳು ಪತ್ರದಿಂದ ಮೊದಲು ನಷ್ಟವಾಗುವುದು ಪ್ರಾಮಾಣಿಕ ಫ್ರೆಶರ್‌ಗೇ. ನನ್ನ ತಕರಾರು ಹುಡುಕಾಟದ ಬಗ್ಗೆ ಅಲ್ಲ, ಅದರ ಮೇಲೆ ಕೊಡುವ ತೀರ್ಪಿನ ಬಗ್ಗೆ. ಕೋರ್ಟ್ ದಾಖಲೆಯನ್ನು ಹೆಚ್ಚಾಗಿ ಹೆಸರಿನಿಂದ ಹುಡುಕುತ್ತಾರೆ. ಮಂಜುನಾಥ ಎಂಬ ಹೆಸರಿನವರು ನಮ್ಮಲ್ಲಿ ಬೀದಿಗೊಬ್ಬರು. ಅವರಲ್ಲೇ ಒಬ್ಬನ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪ್ಯಾನ್‌ನಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಊರ ಹೆಸರು. ಇಂಥಲ್ಲಿ ತಪ್ಪು ಹೊಂದಾಣಿಕೆ ಆಗದಿದ್ದರೇ ಆಶ್ಚರ್ಯ. ಆದರೂ ‘ಕೆಂಪು’ ಬಂದವನ ಕೈಗೆ ಆ ವರದಿಯನ್ನು ಕೊಡಲೇಬೇಕೆಂಬ ಕಟ್ಟುಪಾಡಿಲ್ಲ.

ಇಲ್ಲಿನ ಅನೇಕ ಕಂಪನಿಗಳಿಗೆ ಈ ತಪಾಸಣೆಯನ್ನು ಒಪ್ಪಂದದಲ್ಲೇ ವಿಧಿಸುವವರು ಅಮೆರಿಕದ ಗ್ರಾಹಕರು. ಅವರ ದೇಶದಲ್ಲಿ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಆ್ಯಕ್ಟ್‌ನ ಈಗಿನ ರೂಪದ ಪ್ರಕಾರ, ಏಜೆನ್ಸಿಯ ವರದಿ ನೋಡಿ ಕೆಲಸ ನಿರಾಕರಿಸುವ ಮುನ್ನವೇ ಅದರ ಪ್ರತಿಯನ್ನು ಅಭ್ಯರ್ಥಿಗೆ ಕೊಡಬೇಕು. ಆತ ತಪ್ಪೆಂದರೆ ಏಜೆನ್ಸಿ ಸಾಮಾನ್ಯವಾಗಿ 30 ದಿನಗಳೊಳಗೆ ಮರುಪರಿಶೀಲಿಸಬೇಕು. ನಾವು ತಪಾಸಣೆಯನ್ನು ಆಮದು ಮಾಡಿಕೊಂಡೆವು, ಆ ರಕ್ಷಣೆಯನ್ನು ಅಲ್ಲೇ ಬಿಟ್ಟುಬಂದೆವು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ಕೊರತೆಯನ್ನು ಅರ್ಧ ಮಾತ್ರ ತುಂಬುತ್ತದೆ. ವ್ಯಕ್ತಿಯ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಬಳಸುವ ಮಾಹಿತಿ ಪೂರ್ಣವೂ ನಿಖರವೂ ಆಗಿರಬೇಕು ಎನ್ನುತ್ತದೆ 8ನೇ ಸೆಕ್ಷನ್. ಆದರೆ ಮಾಹಿತಿ ನೋಡುವ, ತಿದ್ದಿಸುವ ಹಕ್ಕನ್ನು 11 ಮತ್ತು 12ನೇ ಸೆಕ್ಷನ್‌ಗಳು ಸಮ್ಮತಿಗೆ ಜೋಡಿಸಿವೆ. ಉದ್ಯೋಗದ ಉದ್ದೇಶಕ್ಕಾದರೆ ಸಮ್ಮತಿಯಿಲ್ಲದೆಯೂ ಮಾಹಿತಿ ಬಳಸಲು 7ನೇ ಸೆಕ್ಷನ್ ದಾರಿ ಬಿಟ್ಟಿದೆ. ಆ ದಾರಿ ಹಿಡಿದ ಕಂಪನಿಯ ಮುಂದೆ ಅಭ್ಯರ್ಥಿಯ ಈ ಹಕ್ಕು ನಿಲ್ಲುವುದೇ ಕಷ್ಟ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದರೂ, ಮುಖ್ಯ ಹೊಣೆಗಳ ಜಾರಿಗೆ 18 ತಿಂಗಳ ಗಡುವು ಸಿಕ್ಕಿದೆ.

ಸರ್ಕಾರಿ ನೌಕರಿಯ ವಿಷಯದಲ್ಲಿ ನ್ಯಾಯಾಲಯ ಇದಕ್ಕಿಂತ ಮುಂದೆ ಹೋಗಿದೆ. ಹಳೆಯ ಕ್ರಿಮಿನಲ್ ಪ್ರಕರಣವನ್ನು ಮುಚ್ಚಿಟ್ಟವರ ಬಗ್ಗೆ 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರಕರಣದ ಗಾಂಭೀರ್ಯ ಮತ್ತು ಹುದ್ದೆಯ ಸ್ವರೂಪವನ್ನು ತೂಗಿ ನೋಡಬೇಕೆಂದಿತು. ಖಾಸಗಿ ವಲಯದ ಮೂರು ಬಣ್ಣಗಳಿಗೆ ಅಂಥ ತಕ್ಕಡಿಯಿಲ್ಲ.

ಕಂಪನಿಗಳು ಕಾನೂನಿನ ಗಡುವಿಗೆ ಕಾಯಬೇಕಾಗಿಲ್ಲ. ನಿರಾಕರಿಸುವ ಮುನ್ನ ವರದಿಯ ಪ್ರತಿ, ಉತ್ತರಿಸಲು ಒಂದು ವಾರ, ಉತ್ತರ ಓದುವ ಒಬ್ಬ ಎಚ್‌ಆರ್ ಅಧಿಕಾರಿ: ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ. ಇದನ್ನೂ ಮಾಡದ ಕಂಪನಿ ಪರೀಕ್ಷಿಸುತ್ತಿರುವುದು ಅಭ್ಯರ್ಥಿಯ ಪ್ರಾಮಾಣಿಕತೆಯನ್ನಲ್ಲ, ಅವನ ಅದೃಷ್ಟವನ್ನು.