ಸರ್ಕಾರಿ ಶಾಲೆಯ ಯಂತ್ರೋಪಕರಣಗಳೂ ಶಿಕ್ಷಕನ ಸ್ಥಾನವೂ

2020ರ ಜುಲೈ 29ರಂದು ಕೇಂದ್ರ ಸಚಿವ ಸಂಪುಟದ ಒಪ್ಪಿಗೆ ಪಡೆದ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕುರಿತು ನಮ್ಮ ನಾಡಿನಲ್ಲಿ ನಡೆದ ಚರ್ಚೆಯು ಬಹುಮಟ್ಟಿಗೆ ಭಾಷೆ, ತರಗತಿಗಳ ವಿಂಗಡಣೆ, ರಾಜ್ಯದ ಅಧಿಕಾರ ಇವುಗಳ ಸುತ್ತಲೇ ಸುಳಿಯಿತು. ಕರ್ನಾಟಕವು 2023ರಲ್ಲಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ತನ್ನದೇ ಆದ ಆಯೋಗವನ್ನು ನೇಮಿಸಿ, 2025ರಲ್ಲಿ ಅದರ ವರದಿಯನ್ನು ಪಡೆದ ಮೇಲಂತೂ ಈ ಚರ್ಚೆ ಇನ್ನಷ್ಟು ಬಿರುಸಾಯಿತು. ಇದರ ನಡುವೆ, ನೀತಿಯ ಕೊನೆಯ ಭಾಗದಲ್ಲಿ ತಂತ್ರಜ್ಞಾನಕ್ಕೆ ಮೀಸಲಾದ ಎರಡು ಅಧ್ಯಾಯಗಳು ಸಾಕಷ್ಟು ವಿಮರ್ಶೆಗೆ ಒಳಗಾಗಲಿಲ್ಲವೆಂದು ನಮಗೆ ತೋರುತ್ತದೆ. ಅವುಗಳನ್ನು ನಮ್ಮ ಶಾಲೆಗಳ ಅನುಭವದ ಬೆಳಕಿನಲ್ಲಿ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆ ಅಧ್ಯಾಯಗಳು ಅವಿವೇಕದಿಂದ ಕೂಡಿವೆಯೆಂದು ಹೇಳುವಂತಿಲ್ಲ. ಉಪಕರಣ ಉಳ್ಳವರಿಗೂ ಇಲ್ಲದವರಿಗೂ ನಡುವಣ ಅಂತರ ನೀಗದ ಹೊರತು ಅಂತರ್ಜಾಲದ ಶಿಕ್ಷಣ ಫಲಿಸದೆಂಬುದನ್ನು ಅವು ಒಪ್ಪಿಕೊಂಡಿವೆ. ಆದರೆ ಯಂತ್ರವು ಶಾಲೆಗೆ ಇದೇ ಮೊದಲು ಬರುತ್ತಿದೆಯೆಂಬ ಭಾವ ಅವುಗಳಲ್ಲಿ ಹರಿದಿದೆ. ವಸ್ತುಸ್ಥಿತಿ ಹಾಗಿಲ್ಲ.

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ, ಸೈಟ್ ಎಂದು ಹೆಸರಾದ ಉಪಗ್ರಹ ದೂರದರ್ಶನ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಮುಟ್ಟಿತು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದವು. ಬೆಳಗಿನ ಹೊತ್ತಿನ ಪ್ರಸಾರ ಶಾಲಾಮಕ್ಕಳಿಗೆ ಮೀಸಲಾಗಿತ್ತು. ಅಮೆರಿಕೆಯಿಂದ ಒಂದು ವರ್ಷದ ಮಟ್ಟಿಗೆ ದೊರೆತಿದ್ದ ಉಪಗ್ರಹ ಹಿಂದಿರುಗಿದೊಡನೆ ಪ್ರಯೋಗವೂ ಮುಗಿಯಿತು. ಮುಂದೆ 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹವನ್ನು ಹಾರಿಸಲಾಯಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಮೊದಲ ಪ್ರಯೋಗಕ್ಷೇತ್ರಗಳಲ್ಲಿ ಒಂದಾದವು. ಆ ಉಪಗ್ರಹದ ಸೇವೆ 2010ರಲ್ಲಿ ಕೊನೆಗೊಂಡಿತು. ಎರಡೂ ಪ್ರಯೋಗಗಳ ಸಾಹಸವನ್ನು ನಾವು ಗೌರವಿಸುತ್ತೇವೆ. ಆದರೆ ಎರಡರಲ್ಲಿಯೂ ಪಾಠ ಬೇರೆಡೆ ಸಿದ್ಧವಾಗಿ ಬಂದಿತು. ಶಾಲೆಯು ಅದನ್ನು ಸ್ವೀಕರಿಸುವ ತಾಣವಾಯಿತು. ಪ್ರಸಾರದ ಹೊತ್ತಿನಲ್ಲಿ ಶಿಕ್ಷಕನೂ ಮಕ್ಕಳಂತೆಯೇ ಪ್ರೇಕ್ಷಕನಾದನು.

ಇದಕ್ಕೆ ಪ್ರತಿಯಾಗಿ ನಿಲ್ಲುವುದು 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ನಲಿ-ಕಲಿ. ರಿಷಿವ್ಯಾಲಿಯ ಪದ್ಧತಿಯನ್ನು ಕಂಡುಬಂದ ಶಿಕ್ಷಕರೇ ಕೂಡಿ ಕುಳಿತು ಪಠ್ಯವನ್ನು ಚಿಕ್ಕ ಮೆಟ್ಟಿಲುಗಳಾಗಿ ವಿಭಜಿಸಿ, ಕಲಿಕಾ ಕಾರ್ಡುಗಳನ್ನು ರಚಿಸಿದರು. ಮಗು ತನ್ನ ವೇಗಕ್ಕೆ ತಕ್ಕಂತೆ ಏಣಿಯನ್ನು ಹತ್ತುತ್ತದೆ. ವಿದ್ಯುತ್ತು ಬೇಡದ ಈ ರಟ್ಟಿನ ಕಾರ್ಡು ಸಹ ಒಂದು ತಂತ್ರಜ್ಞಾನವೇ. 2009–10ರಲ್ಲಿ ಅದು ಆಜ್ಞೆಯ ರೂಪದಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ವ್ಯಾಪಿಸಿತು. ಆಗ ಕಾರ್ಡು ತಲುಪಿತು. ಆದರೆ ಅದನ್ನು ರಚಿಸಿದವರ ಚಿಂತನೆ ಅಷ್ಟು ಸುಲಭವಾಗಿ ತಲುಪುವಂಥದಲ್ಲ. ಒಳ್ಳೆಯ ಸಾಧನವೂ ಸಿದ್ಧವಸ್ತುವಾಗಿ ಬಂದಾಗ ಅರ್ಧ ಸತ್ವವನ್ನು ಕಳೆದುಕೊಳ್ಳುತ್ತದೆಂಬುದು ಇಲ್ಲಿಂದ ನಾವು ಕಲಿಯಬೇಕಾದ ಪಾಠ.

ಈಗಿನ ಸ್ಥಿತಿಯನ್ನು ನೋಡೋಣ. 2017ರಲ್ಲಿ ಉದ್ಘಾಟನೆಯಾದ ದೀಕ್ಷಾ ಜಾಲತಾಣಕ್ಕೆ ಪಠ್ಯಪುಸ್ತಕದಲ್ಲಿಯೇ ಅಚ್ಚಾದ ಕ್ಯೂಆರ್ ಸಂಕೇತಗಳು ದಾರಿ ತೋರುತ್ತವೆ. ಇದು ಉಪಯುಕ್ತವೇ ಸರಿ. ಆದರೆ ಅದೇ ಫೋನು ಶಿಕ್ಷಕನಿಂದ ದಾಖಲಾತಿ, ಹಾಜರಿ, ಬಿಸಿಯೂಟದ ಲೆಕ್ಕಗಳನ್ನೂ ಬೇಡುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 27ನೆಯ ಪ್ರಕರಣವು ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಇವನ್ನುಳಿದು ಶಿಕ್ಷಣೇತರ ಕಾರ್ಯಕ್ಕೆ ಶಿಕ್ಷಕರನ್ನು ನಿಯೋಜಿಸಬಾರದೆಂದು ವಿಧಿಸಿದೆ. ಅಂಕಿ-ಅಂಶ ತುಂಬುವ ಕೆಲಸವಾದರೋ ಶಿಕ್ಷಣದ ಹೆಸರಿನಲ್ಲಿಯೇ ಬರುವುದರಿಂದ ನಿಷೇಧದ ಕಣ್ಣಿಗೆ ಬೀಳದೆ ಪಾಠದ ಹೊತ್ತನ್ನು ಕಬಳಿಸುತ್ತದೆ. ಶಿಕ್ಷಕರನ್ನು ಶ್ರಮದಾಯಕ ಆಡಳಿತ ಕಾರ್ಯಗಳಲ್ಲಿ ತೊಡಗಿಸಬಾರದೆಂದು ನೀತಿಯೂ ಹೇಳಿದೆ.

ಒಬ್ಬನೇ ಶಿಕ್ಷಕನಿರುವ ಹಳ್ಳಿಯ ಶಾಲೆಗೆ ಯಂತ್ರವೇ ಆಸರೆಯಲ್ಲವೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದೇ. ಸೋಂಕಿನ ಕಾಲದಲ್ಲಿ ಚಂದನ ವಾಹಿನಿಯ 'ಸಂವೇದ' ಪಾಠಗಳು ಪ್ರೌಢಶಾಲೆಯ ಮಕ್ಕಳಿಗೆ ನೆರವಾದುದನ್ನು ಅಲ್ಲಗಳೆಯಲಾಗದು. ಆದರೂ 2020ರ ಆಗಸ್ಟ್‌ನಲ್ಲಿ 'ವಿದ್ಯಾಗಮ'ದ ಮೂಲಕ ಶಿಕ್ಷಕರೇ ಮಕ್ಕಳಿದ್ದೆಡೆಗೆ ಹೋಗಬೇಕಾಯಿತು. ದೇವಾಲಯದ ಜಗಲಿ, ಮರದ ನೆರಳು ತರಗತಿಗಳಾದವು. ಯಂತ್ರ ತಲುಪದ ಮಗುವನ್ನು ತಲುಪಿದವನು ಶಿಕ್ಷಕ.

ಆದುದರಿಂದ ಯಾವುದೇ ಸುಧಾರಣೆಯನ್ನು ಅಳೆಯುವಾಗ ಶಾಲೆಗೆ ಎಷ್ಟು ಉಪಕರಣ ಬಂತೆಂದು ಕೇಳಿದರೆ ಸಾಲದು. ಅದರಿಂದ ಶಿಕ್ಷಕನಿಗೆ ಮಗುವಿನೊಡನೆ ಕಳೆಯಲು ಎಷ್ಟು ಹೊತ್ತು ಉಳಿಯಿತು, ಅದನ್ನು ತನ್ನ ತರಗತಿಗೆ ಒಗ್ಗಿಸಿಕೊಳ್ಳುವ ಎಷ್ಟು ಸ್ವಾತಂತ್ರ್ಯ ಅವನಿಗೆ ದೊರೆಯಿತು ಎಂದು ಕೇಳಬೇಕು. ಖಾಸಗಿ ಶಾಲೆಯ ಮಗುವಿಗೆ ಯಂತ್ರ ಕೈಕೊಟ್ಟರೆ ಮನೆಪಾಠವಾದರೂ ಸಿಕ್ಕೀತು. ಸರ್ಕಾರಿ ಶಾಲೆಯ ಮಗುವಿಗೆ ಬಹುಪಾಲು ಶಿಕ್ಷಕನೊಬ್ಬನೇ ಗತಿ. ಅವನನ್ನು ಗುಮಾಸ್ತನನ್ನಾಗಿಯೋ ಪ್ರೇಕ್ಷಕನನ್ನಾಗಿಯೋ ಮಾಡುವ ಸುಧಾರಣೆ, ಎಷ್ಟೇ ಆಧುನಿಕವಾಗಿರಲಿ, ಆ ಮಗುವಿನ ಪಾಲಿಗೆ ನಷ್ಟವೇ ಎಂಬುದು ನಮ್ಮ ನಿಶ್ಚಿತ ಅಭಿಪ್ರಾಯ.